ಶಿಕ್ಷಕರ ದಿನದಂದು ಆ ಹಾಡು ಬೇಡವೇ?

ಕಳೆದ ಸೆಪ್ಟೆಂಬರ್ 5ರಂದು ನಮ್ಮ ತಾಲ್ಲೂಕು ಕೇಂದ್ರದಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನಿವೃತ್ತ ಶಿಕ್ಷಕರಿಗೆ ಸನ್ಮಾನ ಸಮಾರಂಭವೊಂದನ್ನು ಏರ್ಪಡಿಸಿದ್ದರು. ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆಗಳೆಲ್ಲ ಕ್ರಮವಾಗಿ ಮುಗಿದವು. ಕೊನೆಯಲ್ಲಿ ಮನರಂಜನೆ. ಇಂಜಿನಿಯರಿಂಗ್ ಓದುತ್ತಿರುವ ನಾಲ್ವರು ಹುಡುಗರು ಗಿಟಾರು, ಡ್ರಮ್ಮುಗಳೊಂದಿಗೆ ವೇದಿಕೆಯೇರಿ ಎರಡು ಭಾವಗೀತೆಗಳನ್ನು ಹಾಡಿದರು. ಮೂರನೆಯದಾಗಿ ಎತ್ತಿಕೊಂಡದ್ದು ಒಂದು ಇಂಗ್ಲಿಷ್ ಹಾಡು. ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲೆಂಡಿನ ವಾದ್ಯವೃಂದದ ‘ಅನದರ್ ಬ್ರಿಕ್ ಇನ್ ದ ವಾಲ್, ಭಾಗ 2’. ಗೋಡೆಯಲ್ಲಿ ಮತ್ತೊಂದು ಇಟ್ಟಿಗೆ ಎಂಬುದು ಆ ಶೀರ್ಷಿಕೆಯ ಅರ್ಥ.

ಮೊದಲ ಸಾಲು ಮುಗಿಯುತ್ತಿದ್ದಂತೆಯೇ, ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತಿದ್ದ ನಮ್ಮ ಗಣಿತದ ಮೇಷ್ಟರು ಎದ್ದು ನಿಂತರು. ಅವರು ನನಗಿಂತ ಆರು ವರ್ಷ ಹಿರಿಯರು, ನಾನು ಗೌರವಿಸುವ ವ್ಯಕ್ತಿ. “ನಿಲ್ಸ್ರೋ ಅದನ್ನ! ನಮ್ಮನ್ನ ಕರೆದು ಕೂರಿಸಿ, ಶಾಲು ಹೊದಿಸಿ, ವಿದ್ಯೆನೇ ಬೇಡ ಅಂತ ನಮ್ಮ ಮುಖಕ್ಕೇ ಹಾಡ್ತೀರಾ?” ಎಂದರು. ಸಭೆ ಸ್ತಬ್ಧವಾಯಿತು. ಹುಡುಗರು ತಬ್ಬಿಬ್ಬಾಗಿ ವಾದ್ಯಗಳನ್ನು ಕೆಳಗಿಟ್ಟರು. ಊಟದ ಹೊತ್ತಿಗೆ ಅವರಲ್ಲೊಬ್ಬ ನಮ್ಮ ಬಳಿ ಬಂದು, “ಕ್ಷಮಿಸಿ ಸಾರ್, ಅರ್ಥ ಎಲ್ಲ ಯೋಚ್ನೆ ಮಾಡಿರ್ಲಿಲ್ಲ. ಫೇಮಸ್ ಹಾಡು, ಎಲ್ರಿಗೂ ಗೊತ್ತಿರುತ್ತೆ ಅಂತ ಹಾಡಿದ್ವಿ ಅಷ್ಟೇ” ಎಂದು ಕೈಮುಗಿದ. ಮೇಷ್ಟರು ಕ್ಷಮಿಸಿದರು. ಪ್ರಕರಣ ಮುಗಿಯಿತು.

ನಾನು ಅಂದು ಏನೂ ಮಾತನಾಡಲಿಲ್ಲ. ಮನೆಗೆ ಬಂದ ಮೇಲೆ ಆ ಮೌನ ನನ್ನನ್ನು ಕಾಡತೊಡಗಿತು. ಎದ್ದು ನಿಂತ ಮೇಷ್ಟರದೂ ತಪ್ಪು, ಕ್ಷಮೆ ಕೇಳಿದ ಹುಡುಗನದೂ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಬ್ಬರು ಹಾಡನ್ನು ಪೂರ್ತಿ ಕೇಳದೆ ಸಿಟ್ಟಾದರು. ಇನ್ನೊಬ್ಬ ಹಾಡನ್ನು ಕೇಳಿಸಿಕೊಳ್ಳದೆಯೇ ಹಾಡಿದ. ಅಂದು ಆಡಬೇಕಾಗಿದ್ದ ಮಾತುಗಳನ್ನು ಇಂದು ಬರೆಯುತ್ತಿದ್ದೇನೆ. ಈ ಪುಟವನ್ನು ಓದುವವರಲ್ಲಿ ನನ್ನ ಸಹೋದ್ಯೋಗಿಗಳೂ ಇದ್ದಾರೆ, ನನ್ನ ಶಿಷ್ಯರೂ ಇದ್ದಾರೆ. ಇಬ್ಬರಿಗೂ ಸ್ವಲ್ಪ ಕಹಿಯಾದೀತು, ಸಹಿಸಿಕೊಳ್ಳಬೇಕೆಂದು ಕೋರುತ್ತೇನೆ.

ಮೊದಲು ಹಾಡಿನ ಪರಿಚಯ. ಇದು 1979ರ ನವೆಂಬರ್ ಕೊನೆಯಲ್ಲಿ ಪ್ರಕಟವಾದ ‘ದ ವಾಲ್’ ಎಂಬ ಎರಡು ತಟ್ಟೆಗಳ ಧ್ವನಿಮುದ್ರಿಕೆಯಲ್ಲಿದೆ. ಬರೆದವರು ಆ ವೃಂದದ ರೋಜರ್ ವಾಟರ್ಸ್. ನಡುವೆ ಬರುವ ಹೆಸರಾಂತ ಗಿಟಾರ್ ವಾದನ ಡೇವಿಡ್ ಗಿಲ್ಮರ್ ಅವರದು. ಆ ವರ್ಷದ ಕ್ರಿಸ್‌ಮಸ್ ವೇಳೆಗೆ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಇದು ಮೊದಲ ಸ್ಥಾನಕ್ಕೇರಿತು. 1980ರ ಆರಂಭದಲ್ಲಿ ಅಮೆರಿಕದಲ್ಲಿಯೂ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ದೀರ್ಘವಾದ, ಗಂಭೀರವಾದ ರಚನೆಗಳಿಗೆ ಹೆಸರಾದ ಆ ವೃಂದಕ್ಕೆ ಎರಡೂ ದೇಶಗಳಲ್ಲಿ ಮೊದಲ ಸ್ಥಾನ ದೊರಕಿಸಿಕೊಟ್ಟ ಬಿಡಿ ಗೀತೆ ಇದೊಂದೇ.

ಆಗ ನಾನು ಬಿ.ಎ. ಓದುತ್ತಿದ್ದೆ. ಇಂತಹದೊಂದು ಹಾಡು ಲೋಕದಲ್ಲಿದೆಯೆಂಬ ಅರಿವೇ ನಮ್ಮ ಊರಿಗೆ ಇರಲಿಲ್ಲ. ನಾನು ಅದನ್ನು ಕೇಳಿದ್ದು 2002ರಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಾರ್ಯಕ್ರಮ ನೀಡಿದ್ದರು. ಅದಕ್ಕೆ ಹೋಗಿಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೇಸಗೆ ರಜೆಯಲ್ಲಿ ಊರಿಗೆ ಬಂದಾಗ ನಮ್ಮ ಮನೆಗೂ ಬಂದು, ಸ್ವಲ್ಪ ಸಂಕೋಚದಿಂದಲೇ ಈ ಹಾಡನ್ನು ಕೇಳಿಸಿದ. “ನೀವು ಬೇಜಾರು ಮಾಡ್ಕೋಬಾರದು ಸಾರ್” ಎಂದು ಮೊದಲೇ ಹೇಳಿದ್ದ. ನನಗೆ ಬೇಜಾರಾಯಿತು. ನಮ್ಮ ಗಣಿತದ ಮೇಷ್ಟರಿಗೆ ಆದಂತೆಯೇ ಆಯಿತು.

ಮೊದಲ ಸಾಲು ಶಿಕ್ಷಣವನ್ನು ಬೇಡವೆನ್ನುತ್ತದೆ, ನಿಜ. ಅದೂ ಅಶುದ್ಧ ಇಂಗ್ಲಿಷಿನಲ್ಲಿ. ಒಂದೇ ವಾಕ್ಯದಲ್ಲಿ ಎರಡು ನಿಷೇಧಗಳು. ಮೂವತ್ತಾರು ವರ್ಷ ಇಂಗ್ಲಿಷ್ ಕಲಿಸಿದವನ ಕೈ ಅಂತಹ ವಾಕ್ಯ ಕಂಡೊಡನೆ ಕೆಂಪು ಶಾಯಿಯ ಪೆನ್ನನ್ನು ಹುಡುಕುತ್ತದೆ. ಎರಡು ‘ಇಲ್ಲ’ಗಳು ಸೇರಿದರೆ ‘ಉಂಟು’ ಎಂದಾಗುತ್ತದೆ, ಆದ್ದರಿಂದ ಈ ಹಾಡಿನವರು ತಮಗರಿವಿಲ್ಲದೆ ಶಿಕ್ಷಣ ಬೇಕೆಂದೇ ಹೇಳುತ್ತಿದ್ದಾರೆ ಎಂದು ನಾನು ಆ ದಿನ ನಕ್ಕಿದ್ದೆ. ಅದು ಅಗ್ಗದ ಜಾಣತನವೆಂದು ಆಮೇಲೆ ತಿಳಿಯಿತು. ಎರಡು ನಿಷೇಧಗಳನ್ನು ಒತ್ತಿಗಾಗಿ ಬಳಸುವುದು ಚಾಸರ್ ಕವಿಯ ಕಾಲದಿಂದಲೂ ಇಂಗ್ಲಿಷಿನಲ್ಲಿದೆ. ಶಾಲಾ ವ್ಯಾಕರಣ ಅದನ್ನು ತಪ್ಪೆಂದು ಹೊರಗಟ್ಟಿತು. ಬೀದಿಯ ಮಕ್ಕಳು, ಕೂಲಿಕಾರರು ಅದನ್ನು ಉಳಿಸಿಕೊಂಡರು. ಮೇಷ್ಟರು ತಪ್ಪೆಂದು ಗೀಟೆಳೆಯುವ ಭಾಷೆಯಲ್ಲಿಯೇ ಮಕ್ಕಳು ಮೇಷ್ಟರಿಗೆ ಉತ್ತರ ಕೊಡುತ್ತಾರೆ. ವ್ಯಾಕರಣ ತಪ್ಪಿದ್ದು ಆ ಸಾಲಿನ ಅರ್ಥದ ಭಾಗವೇ ಆಗಿದೆ.

ಇನ್ನು ಮುಂದಿನ ಸಾಲುಗಳಿಗೆ ಹೋದರೆ, ಯಾವ ಶಿಕ್ಷಣ ಬೇಡವೆಂಬುದು ಅಲ್ಲಿಯೇ ಸ್ಪಷ್ಟವಾಗಿದೆ. ಮನಸ್ಸನ್ನು ಹತೋಟಿಯಲ್ಲಿಡುವ ಶಿಕ್ಷಣ. ತರಗತಿಯಲ್ಲಿ ವ್ಯಂಗ್ಯವಾಡಿ ಚುಚ್ಚುವ ಶಿಕ್ಷಣ. ಈ ಎರಡನ್ನೂ ಹಾಡು ಹೆಸರಿಟ್ಟು ಹೇಳುತ್ತದೆ. ತಾನು ಶಿಕ್ಷಣದ ವಿರೋಧಿಯಲ್ಲವೆಂದು, ತಾನು ಓದಿದ ಕೇಂಬ್ರಿಜ್‌ನ ಗಂಡುಮಕ್ಕಳ ಪ್ರೌಢಶಾಲೆಯಲ್ಲಿ ಕಂಡ ಕೆಲವು ಬಗೆಯ ಮೇಷ್ಟರನ್ನು ನೆನೆದು ಬರೆದೆನೆಂದು ವಾಟರ್ಸ್ ಹೇಳಿದ್ದಾರೆ. ಅವರ ತಾಯಿ ಶಾಲಾ ಶಿಕ್ಷಕಿ. 1944ರಲ್ಲಿ ಇಟಲಿಯ ಅಂಜಿಯೋ ರಣರಂಗದಲ್ಲಿ ಮಡಿದ ತಂದೆಯೂ ಯುದ್ಧಕ್ಕೆ ಮೊದಲು ಶಿಕ್ಷಕರೇ. ಹಾಗಾಗಿ ಶಿಕ್ಷಕ ದಂಪತಿಗಳ ಮಗ ಬರೆದ ಹಾಡಿದು. ವೃತ್ತಿಯನ್ನು ದ್ವೇಷಿಸುವವನ ಬರಹ ಇದಲ್ಲ. ಈ ವೃತ್ತಿ ಹೇಗಿರಬಹುದಿತ್ತು ಎಂಬುದನ್ನು ಮನೆಯಲ್ಲಿಯೇ ಬಲ್ಲವನ ಕೋಪ ಎಂದು ನಾನು ಓದುತ್ತೇನೆ.

ಆ ಹಾಡು ಹುಟ್ಟಿದ ಬಗೆಯನ್ನೂ ನೋಡಿ. ಮೊದಲಿಗೆ ಅದರಲ್ಲಿ ಇದ್ದದ್ದು ಒಂದೇ ಚರಣ. ಅದನ್ನೇ ಮಕ್ಕಳಿಂದ ಮತ್ತೊಮ್ಮೆ ಹಾಡಿಸಬೇಕೆಂದು ನಿರ್ಮಾಪಕ ಬಾಬ್ ಎಜ್ರಿನ್ ಬಯಸಿದರು. ಮುದ್ರಣದ ಕೆಲಸ ಅಮೆರಿಕದಲ್ಲಿ ನಡೆಯುತ್ತಿದ್ದುದರಿಂದ, ಲಂಡನ್ನಿನಲ್ಲಿದ್ದ ವೃಂದದ ಸ್ಟುಡಿಯೋಗೆ ಹೇಳಿಕಳುಹಿಸಿದರು. ಅಲ್ಲಿನ ಧ್ವನಿ ತಂತ್ರಜ್ಞರು ಸಮೀಪದಲ್ಲಿದ್ದ ಇಸ್ಲಿಂಗ್ಟನ್ ಗ್ರೀನ್ ಶಾಲೆಗೆ ಹೋಗಿ ಕೇಳಿದಾಗ, ಒಪ್ಪಿಕೊಂಡು 23 ಮಕ್ಕಳನ್ನು ಕರೆತಂದವರು ಆ ಶಾಲೆಯ ಸಂಗೀತದ ಮೇಷ್ಟರಾದ ಅಲನ್ ರೆನ್‌ಷಾ. ಮೇಷ್ಟರು ಬೇಡವೆನ್ನುವ ಹಾಡನ್ನು ಮಕ್ಕಳಿಗೆ ಹೇಳಿಕೊಟ್ಟು ಹಾಡಿಸಿದವರೂ ಒಬ್ಬ ಮೇಷ್ಟರೇ! ಮಕ್ಕಳನ್ನು ಹತೋಟಿಯಲ್ಲಿಡುವುದಷ್ಟನ್ನೇ ಬಲ್ಲ ಶಿಕ್ಷಕನಿಗೆ ಈ ಕೆಲಸ ಮಾಡುವ ಧೈರ್ಯ ಬರುತ್ತಿತ್ತೇ? ಹಾಡಿಗೆ ಸಾಕ್ಷಿಯೂ ಅಪವಾದವೂ ಆಗಿ ಆ ಮೇಷ್ಟರು ನನಗೆ ಕಾಣುತ್ತಾರೆ.

ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಸಾಹಿತ್ಯ ಗೊತ್ತಾದದ್ದು ಮುದ್ರಣ ಮುಗಿದ ಮೇಲೆ. ಅವರು ಅಸಮಾಧಾನಗೊಂಡು, ಮಕ್ಕಳು ದೂರದರ್ಶನದಲ್ಲಿ ಕಾಣಿಸಿಕೊಳ್ಳಕೂಡದೆಂದು ತಡೆದರು. ಲಂಡನ್ನಿನ ಶಿಕ್ಷಣ ಪ್ರಾಧಿಕಾರವೂ ಖಂಡಿಸಿತು. ಶಾಲೆಗೆ 1000 ಪೌಂಡುಗಳು ಸಂದವು. ಹಾಡಿದ ಮಕ್ಕಳಿಗೆ ಹಣವೇನೂ ದೊರೆಯಲಿಲ್ಲ. 1996ರಲ್ಲಿ ಬ್ರಿಟನ್ನಿನ ಹಕ್ಕುಸ್ವಾಮ್ಯದ ನಿಯಮಗಳು ಬದಲಾಗಿ, ಹಾಡಿದವರಿಗೂ ಪ್ರಸಾರದ ಗೌರವಧನದಲ್ಲಿ ಪಾಲಿದೆ ಎಂದಾಯಿತು. 2004ರಲ್ಲಿ, ಆ ವೇಳೆಗೆ ನಡುವಯಸ್ಸನ್ನು ಸಮೀಪಿಸುತ್ತಿದ್ದ ಆ ‘ಮಕ್ಕಳಲ್ಲಿ’ ಕೆಲವರು ತಮ್ಮ ಪಾಲಿಗಾಗಿ ಕೇಳಿಕೆ ಸಲ್ಲಿಸಿದರು. ಮಕ್ಕಳನ್ನು ಅವರ ಪಾಡಿಗೆ ಬಿಡಿರೆಂದು ಜಗತ್ತಿಗೆಲ್ಲ ಸಾರಿದ ಹಾಡು, ತನ್ನ ಮಕ್ಕಳಿಗೇ ಕೂಲಿ ಕೊಡುವುದನ್ನು ಕಾಲು ಶತಮಾನ ಮರೆತಿತ್ತು. ಇದನ್ನು ಹೇಳದೆ ಹಾಡನ್ನು ಹೊಗಳುವುದು ಅಪ್ರಾಮಾಣಿಕತೆಯಾಗುತ್ತದೆ.

ಈಗ ನನ್ನ ವಾದದ ಮುಖ್ಯ ಭಾಗಕ್ಕೆ ಬರುತ್ತೇನೆ. ಈ ಹಾಡು ಶಿಕ್ಷಣದ ವಿರುದ್ಧ ಇದೆಯೆನ್ನುವವರು 1980ರ ದಕ್ಷಿಣ ಆಫ್ರಿಕಕ್ಕೆ ಉತ್ತರ ಹೇಳಬೇಕು. ವರ್ಣಭೇದ ನೀತಿಯ ಆ ದೇಶದಲ್ಲಿ 1953ರ ಬಂಟೂ ಶಿಕ್ಷಣ ಕಾಯ್ದೆಯ ಮೂಲಕ ಕರಿಯ ಮಕ್ಕಳಿಗೆ ಬೇರೆಯದೇ ಆದ, ಬಿಳಿಯರ ಕೈಕೆಳಗೆ ದುಡಿಯುವುದಕ್ಕಷ್ಟೇ ಸಾಕಾಗುವ ಶಿಕ್ಷಣವನ್ನು ಸರ್ಕಾರ ಗೊತ್ತುಮಾಡಿತ್ತು. 1976ರ ಜೂನ್ 16ರಂದು ಸೊವೆಟೊ ಪಟ್ಟಣದ ಮಕ್ಕಳು, ಆಳುವವರ ಆಫ್ರಿಕಾನ್ಸ್ ಭಾಷೆಯನ್ನು ಪಾಠದ ಮಾಧ್ಯಮವಾಗಿ ಹೇರುವುದನ್ನು ವಿರೋಧಿಸಿ ಬೀದಿಗಿಳಿದಾಗ ಪೊಲೀಸರು ಗುಂಡು ಹಾರಿಸಿದರು. ಅದಾದ ನಾಲ್ಕು ವರ್ಷಗಳಿಗೆ, 1980ರ ಏಪ್ರಿಲ್‌ನಲ್ಲಿ, ಕೇಪ್‌ಟೌನ್ ಸುತ್ತಮುತ್ತಲಿನ ಶಾಲೆಗಳ ಬಿಳಿಯರಲ್ಲದ ಮಕ್ಕಳು ತರಗತಿಗಳನ್ನು ಬಹಿಷ್ಕರಿಸಿದರು. ಅವರ ಬೇಡಿಕೆಗಳೇನು? ಪಠ್ಯಪುಸ್ತಕ ಕೊಡಿ, ಮುರಿದ ಶಾಲೆಗಳನ್ನು ದುರಸ್ತಿ ಮಾಡಿ, ಬಿಳಿಯ ಮಕ್ಕಳಿಗೆ ಇರುವಂಥದೇ ಶಿಕ್ಷಣ ನಮಗೂ ಕೊಡಿ. ಆ ಬಹಿಷ್ಕಾರ ದೇಶದ ಉದ್ದಗಲಕ್ಕೆ ಹಬ್ಬಿತು. ಆ ಮಕ್ಕಳು ತಮ್ಮದಾಗಿಸಿಕೊಂಡು ಹಾಡಿದ್ದು ಇದೇ ಹಾಡನ್ನು. 1980ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಹಾಡನ್ನು ನಿಷೇಧಿಸಿತು.

ಓದುಗರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಶಿಕ್ಷಣ ಬೇಡವೆಂಬ ಹಾಡನ್ನು ಎಲ್ಲರಿಗಿಂತ ಎತ್ತರದ ದನಿಯಲ್ಲಿ ಹಾಡಿದವರು ಶಿಕ್ಷಣ ಬೇಕೆಂದು ಬೀದಿಗಿಳಿದ ಮಕ್ಕಳು. ಲಂಡನ್ನಿನ ಅಧಿಕಾರಿಗಳು ಕಾಣದಿದ್ದ ಅರ್ಥವನ್ನು, ಪುಸ್ತಕವಿಲ್ಲದ ಆ ಮಕ್ಕಳು ಕೇಳಿದ ಕೂಡಲೇ ಕಂಡುಕೊಂಡರು. ನಿಷೇಧಿಸಿದ ಸರ್ಕಾರವೂ ಅರ್ಥವನ್ನು ಸರಿಯಾಗಿಯೇ ಗ್ರಹಿಸಿತ್ತು. ಕೇವಲ ಸೋಮಾರಿ ಮಕ್ಕಳ ಕೂಗಾಗಿದ್ದರೆ ಅದಕ್ಕೊಂದು ಸರ್ಕಾರ ಹೆದರಬೇಕಾಗಿರಲಿಲ್ಲ. 2010ರಲ್ಲಿ ಕೆನಡಾದಲ್ಲಿ ನೆಲೆಸಿದ್ದ ಇರಾನ್ ಮೂಲದ ಸಹೋದರರ ವೃಂದವೊಂದು ವಾಟರ್ಸ್ ಅನುಮತಿ ಪಡೆದು, ತಮ್ಮ ದೇಶದ ಧರ್ಮಾಧಿಕಾರಿಗಳನ್ನು ಉದ್ದೇಶಿಸಿ ಈ ಹಾಡನ್ನು ಮಾರ್ಪಡಿಸಿ ಹಾಡಿತು. ‘ಮೇಷ್ಟರು’ ಎಂಬ ಜಾಗದಲ್ಲಿ ಯಾರು ಬೇಕಾದರೂ ಬಂದು ಕುಳಿತುಕೊಳ್ಳುತ್ತಾರೆ: ಕಲಿಯುವವನ ಬಾಯಿ ಮುಚ್ಚಿಸುವವನು ಯಾರೋ ಅವನು. ಹಾಡು ಇಷ್ಟು ಕಾಲ ಬಾಳಿದ್ದಕ್ಕೆ ಗಿಟಾರಿನ ಇಂಪು ಕಾರಣವಿರಬಹುದು, ಕುಣಿಯಲು ಹಚ್ಚುವ ತಾಳವೂ ಕಾರಣವಿರಬಹುದು. ಆದರೆ ಮುಖ್ಯ ಕಾರಣ, ಅವಮಾನ ಮಾಡುವವರು ಯಾವ ದೇಶದಲ್ಲಿಯೂ ಇನ್ನೂ ಕೆಲಸ ಬಿಟ್ಟಿಲ್ಲ ಎಂಬುದೇ.

‘ನಾವು ಅಂಥವರಲ್ಲ’ ಎಂದು ನನ್ನ ಸಹೋದ್ಯೋಗಿಗಳು ಹೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಈ ಧ್ವನಿಮುದ್ರಿಕೆಯನ್ನು ಆಧರಿಸಿ 1982ರಲ್ಲಿ ಅಲನ್ ಪಾರ್ಕರ್ ಒಂದು ಚಲನಚಿತ್ರವನ್ನು ನಿರ್ದೇಶಿಸಿದರು. 2003ರಲ್ಲಿ ಅದೇ ಶಿಷ್ಯ ಅದರ ಡಿ.ವಿ.ಡಿ. ತಂದುಕೊಟ್ಟ. ಅದರಲ್ಲೊಂದು ದೃಶ್ಯವಿದೆ. ಪಾಠದ ನಡುವೆ ಹುಡುಗನೊಬ್ಬ ಏನನ್ನೋ ಬರೆಯುತ್ತಿರುವುದು ಮೇಷ್ಟರ ಕಣ್ಣಿಗೆ ಬೀಳುತ್ತದೆ. ಪುಸ್ತಕ ಕಸಿದು ನೋಡಿದರೆ ಕವಿತೆ. ಮೇಷ್ಟರು ಅದನ್ನು ವ್ಯಂಗ್ಯದ ದನಿಯಲ್ಲಿ ಇಡೀ ತರಗತಿಗೆ ಓದಿ ಹೇಳುತ್ತಾರೆ. ಮಕ್ಕಳು ನಗುತ್ತಾರೆ. ಹುಡುಗನ ಕೈಮೇಲೆ ಏಟು ಬೀಳುತ್ತದೆ. ಬಳಿಕ ಪಾಠ ಮುಂದುವರಿಯುತ್ತದೆ: ಒಂದು ಫರ್ಲಾಂಗು ಉದ್ದ, ಒಂದು ಸರಪಳಿ ಅಗಲದ ಆಯತದ ವಿಸ್ತೀರ್ಣವೇ ಎಕರೆ ಎಂದು ಎಲ್ಲರೂ ಒಟ್ಟಾಗಿ ಗಿಳಿಪಾಠ ಒಪ್ಪಿಸುತ್ತಾರೆ.

ನಾನು ಅಲ್ಲಿಗೇ ಚಿತ್ರವನ್ನು ನಿಲ್ಲಿಸಿದೆ. ಏಕೆಂದರೆ ಅದು 1988ರ ನನ್ನ ತರಗತಿ. ಒಂಬತ್ತನೆಯ ತರಗತಿಗೆ ಕರ್ಮಣಿ ಪ್ರಯೋಗ ಕಲಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ತಲೆ ತಗ್ಗಿಸಿ ಬರೆಯುತ್ತಿದ್ದ. ನೋಟ್ ಪುಸ್ತಕ ಕಸಿದುಕೊಂಡೆ. ಅವರ ಮನೆಯ ಎತ್ತೊಂದು ಸತ್ತುಹೋದುದರ ಬಗ್ಗೆ ಕನ್ನಡದಲ್ಲಿ ಹತ್ತು ಹನ್ನೆರಡು ಸಾಲುಗಳ ಕವನ. ಅದನ್ನು ನಾನು ನಾಟಕದವರ ರಾಗದಲ್ಲಿ ಎಳೆದೆಳೆದು ಓದಿದೆ. ತರಗತಿ ಬಿದ್ದು ಬಿದ್ದು ನಕ್ಕಿತು. ‘ಕವಿಶ್ರೇಷ್ಠರೇ, ಈ ವಾಕ್ಯವನ್ನು ಕರ್ಮಣಿಗೆ ಬದಲಾಯಿಸಿ’ ಎಂದೆ. ಅವನಿಗೆ ಬರಲಿಲ್ಲ. ಎರಡೇಟು ಕೊಟ್ಟೆ. ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ಸಹಪಾಠಿಗಳು ಅವನನ್ನು ‘ಎತ್ತಿನ ಕವಿ’ ಎಂದೇ ಕರೆಯುತ್ತಿದ್ದರು. ನಾನು ತಡೆಯಲಿಲ್ಲ. ಆ ಸಾಲುಗಳು ಚೆನ್ನಾಗಿದ್ದವೋ ಇಲ್ಲವೋ ಎಂಬುದು ಇಂದಿಗೂ ನನಗೆ ಗೊತ್ತಿಲ್ಲ. ನಾನು ಓದಿದ್ದು ನಗಿಸುವುದಕ್ಕಾಗಿ, ತಿಳಿಯುವುದಕ್ಕಾಗಿ ಅಲ್ಲ.

2009ರಲ್ಲಿ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕ. ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ. ಮಡದಿ ಮಕ್ಕಳನ್ನು ಪರಿಚಯಿಸಿ, ಕಾಲಿಗೆ ನಮಸ್ಕರಿಸಿದ. ತಾನಾಗಿಯೇ ಆ ಮಾತನ್ನು ತೆಗೆದ. “ಅವತ್ತು ನನ್ನ ಕವನ ಓದಿದ್ರಲ್ಲ ಸಾರ್, ಆಮೇಲೆ ಬರೆಯೋ ಚಟ ಬಿಟ್ಟೇಹೋಯ್ತು. ಒಳ್ಳೇದೇ ಆಯ್ತು ಬಿಡಿ” ಎಂದು ನಕ್ಕ. ಹೆಂಡತಿಯೂ ನಕ್ಕಳು. ಬಸ್ ಬಂತು, ಹೋದರು. ಕ್ಷಮಿಸಪ್ಪಾ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಇಪ್ಪತ್ತೊಂದು ವರ್ಷದ ಹಿಂದಿನ ಒಂದು ಪೀರಿಯಡ್ಡನ್ನು ಅವನು ಮರೆತಿರಲಿಲ್ಲ. ಎರಡೇಟಿನ ಮಾತನ್ನು ಅವನು ಎತ್ತಲೇ ಇಲ್ಲ ಎಂಬುದನ್ನೂ ಗಮನಿಸಿ. ಅವನ ನೆನಪಿನಲ್ಲಿ ಉಳಿದದ್ದು ಓದಿದ ಬಗೆ.

ಹಾಡಿನ ಇಟ್ಟಿಗೆ ಎಂದರೆ ಇದೇ. ‘ದ ವಾಲ್’ ಕಥೆಯ ನಾಯಕ ತನ್ನ ಸುತ್ತ ಒಂದು ಗೋಡೆ ಕಟ್ಟಿಕೊಳ್ಳುತ್ತಾ ಹೋಗುತ್ತಾನೆ. ಯುದ್ಧದಲ್ಲಿ ಸತ್ತ ತಂದೆ ಒಂದು ಇಟ್ಟಿಗೆ. ಅದು ಈ ಹಾಡಿನ ಮೊದಲ ಭಾಗ. ಶಾಲೆ ಮತ್ತೊಂದು. ಅತಿಯಾಗಿ ಮುಚ್ಚಟೆ ಮಾಡುವ ತಾಯಿ ಇನ್ನೊಂದು. ಒಂದೊಂದೂ ಸಣ್ಣದೇ, ಎಲ್ಲ ಸೇರಿ ಅವನನ್ನು ಲೋಕದಿಂದ ಮರೆಮಾಡುತ್ತವೆ. ಮೇಷ್ಟರನ್ನು ರಾಕ್ಷಸನನ್ನಾಗಿಯೂ ಈ ಕೃತಿ ಮಾಡಿಲ್ಲ. ಈ ಹಾಡಿಗೆ ಮೊದಲು ಬರುವ ಪುಟ್ಟ ಹಾಡಿನಲ್ಲಿ, ಅದೇ ಮೇಷ್ಟರು ಮನೆಗೆ ಹೋದರೆ ಹೆಂಡತಿಯ ಕೈಯಲ್ಲಿ ದಂಡಿಸಿಕೊಳ್ಳುವ ಪಾಪದ ಪ್ರಾಣಿ. ಅಲ್ಲಿ ತಿಂದದ್ದನ್ನು ಇಲ್ಲಿ ಬಂದು ಮಕ್ಕಳಿಗೆ ಬಡಿಸುತ್ತಾರೆ. ಹಾಡನ್ನು ಬಿಡಿಯಾಗಿ ಹಾಡುವವರಿಗೂ, ಮೊದಲ ಸಾಲಿಗೇ ಎದ್ದು ನಿಲ್ಲುವವರಿಗೂ ಇದು ಕಾಣುವುದಿಲ್ಲ. ನಾನು 1988ರಲ್ಲಿ ಯಾರಿಂದ ಏನು ತಿಂದು ತರಗತಿಗೆ ಬಂದಿದ್ದೆನೋ ನೆನಪಿಲ್ಲ. ಸಂಬಳ ತಡವಾಗಿದ್ದಿರಬಹುದು, ಮೇಲಿನವರು ಗದರಿದ್ದಿರಬಹುದು. ಆ ಹುಡುಗನಿಗೆ ಅದರಿಂದ ಆಗಬೇಕಾದ್ದೇನು?

‘ದಂಡಂ ದಶಗುಣಂ’ ಎನ್ನುವವರ ವಾದ ನನಗೆ ಗೊತ್ತು. ನಮ್ಮ ಮೇಷ್ಟರು ಹೊಡೆದದ್ದರಿಂದಲೇ ನಾವು ಮನುಷ್ಯರಾದೆವು, ಈಗಿನವರಿಗೆ ಭಯವಿಲ್ಲ, ಭಕ್ತಿಯಿಲ್ಲ, ಇಂತಹ ಹಾಡುಗಳೇ ಮಕ್ಕಳನ್ನು ಕೆಡಿಸಿದವು. ಸನ್ಮಾನ ಸಮಾರಂಭಗಳಲ್ಲಿ ಈ ಮಾತನ್ನು ಹಳೆಯ ವಿದ್ಯಾರ್ಥಿಗಳೇ ಎದೆಯುಬ್ಬಿಸಿ ಹೇಳುತ್ತಾರೆ. ಆದರೆ ಒಂದು ಪ್ರಶ್ನೆ: ಆ ಸಮಾರಂಭಗಳಿಗೆ ಬರುವವರು ಯಾರು? ಹೊಡೆತ ತಿಂದೂ ದಡ ಸೇರಿದವರು. ಹೊಡೆತದಿಂದಲೇ ಶಾಲೆ ಬಿಟ್ಟವರು ಶಾಲು ಹೊದಿಸಲು ಬರುವುದಿಲ್ಲ. ಗೆದ್ದವರ ಸಾಕ್ಷಿಯನ್ನಷ್ಟೇ ಪಡೆದು ತೀರ್ಪು ಕೊಡುವ ನ್ಯಾಯಾಲಯ ಅದೆಂಥ ನ್ಯಾಯಾಲಯ? ಕಳೆದ ಸೆಪ್ಟೆಂಬರಿನ ಸಭೆಯಲ್ಲಿ ನಾನು ಸುತ್ತ ಕಣ್ಣಾಡಿಸಿದೆ. ಗೊಬ್ಬರದ ಅಂಗಡಿಯ ನನ್ನ ಶಿಷ್ಯ ಅದೇ ಊರಿನಲ್ಲಿದ್ದಾನೆ. ಅವನು ಬಂದಿರಲಿಲ್ಲ.

ಇನ್ನು ಭಯವೇ ಭಕ್ತಿಯ ಮೂಲವೆಂಬ ಮಾತು. ಈ ಹಾಡು ಬಂದಾಗ ಇಂಗ್ಲೆಂಡಿನ ಶಾಲೆಗಳಲ್ಲಿ ಬೆತ್ತ ಕಾನೂನುಬದ್ಧವಾಗಿತ್ತು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಅದು ನಿಂತದ್ದು 1987ರಲ್ಲಿ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನು ನಿಷೇಧಿಸಿತು. ಅದೇ ವಾಕ್ಯದಲ್ಲಿ ಮಾನಸಿಕ ಕಿರುಕುಳವನ್ನೂ ಸೇರಿಸಿದೆ ಎಂಬುದನ್ನು ನಮ್ಮ ಎಷ್ಟು ಮಂದಿ ಶಿಕ್ಷಕರು ಓದಿದ್ದೇವೆ? ಬೆತ್ತವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ನಾಲಿಗೆಯನ್ನು ಹಾಗೆಯೇ ಉಳಿಸಿಕೊಂಡೆವು. ಜಾತಿಯನ್ನು, ಬಣ್ಣವನ್ನು, ಅಪ್ಪನ ಕಸುಬನ್ನು, ಇಂಗ್ಲಿಷ್ ಉಚ್ಚಾರವನ್ನು ಹಿಡಿದು ತರಗತಿಯನ್ನು ನಗಿಸುವ ‘ಹಾಸ್ಯಪ್ರಜ್ಞೆಯ’ ಮೇಷ್ಟರು ಇಂದಿಗೂ ಜನಪ್ರಿಯರು. 1979ರ ಆ ಹಾಡಿನಲ್ಲಿ ಬೆತ್ತದ ಹೆಸರೇ ಇಲ್ಲ, ಅದು ಹೆಸರಿಸುವುದು ವ್ಯಂಗ್ಯವನ್ನು. ಹಾಡು ಬರೆದವನಿಗೆ ಗಾಯದ ಜಾಗ ಸರಿಯಾಗಿ ಗೊತ್ತಿತ್ತು.

ಈಗ ಹುಡುಗರ ಕಡೆಗೆ ತಿರುಗುತ್ತೇನೆ. ‘ಫೇಮಸ್ ಹಾಡು, ಅರ್ಥ ಯೋಚಿಸಿರಲಿಲ್ಲ’ ಎಂದನಲ್ಲ ಆ ಹುಡುಗ, ನನಗೆ ಹೆಚ್ಚು ನೋವಾದದ್ದು ಆ ಮಾತಿನಿಂದ. ಹಾಡು ಪ್ರಸಿದ್ಧವಾದದ್ದೇ ಅದರ ಕೇಡಿಗೆ ಕಾರಣವಾಗಿದೆ. ಅದರ ಮೊದಲ ಸಾಲು ಅಂಗಿಯ ಮೇಲೆ ಬಂತು, ಕಾಲೇಜು ಉತ್ಸವಗಳ ಬ್ಯಾನರುಗಳ ಮೇಲೆ ಬಂತು, ಮೊಬೈಲಿನ ರಿಂಗಣವಾಯಿತು. ಮಿಕ್ಕದ್ದು ಯಾರಿಗೂ ಬೇಡವಾಯಿತು. ಪರೀಕ್ಷೆ ಬೇಡ, ಹೋಂವರ್ಕ್ ಬೇಡ ಎಂಬ ಪುಂಡಾಟಕ್ಕೆ ಅದನ್ನು ಇಳಿಸಲಾಯಿತು.

ಅಷ್ಟೇ ಆಗಿದ್ದರೆ ಯೌವನದ ಹುಡುಗಾಟ ಎಂದು ಸುಮ್ಮನಿರುತ್ತಿದ್ದೆ. ಆದರೆ ಆ ನಾಲ್ವರು ಹುಡುಗರು ಬಂದದ್ದು ಎಲ್ಲಿಂದ? ಪಿ.ಯು.ಸಿ. ಎರಡು ವರ್ಷವನ್ನು ಹಾಸ್ಟೆಲಿನಲ್ಲಿ ಕಳೆದು, ಬೆಳಗಿನ ಜಾವ ಐದಕ್ಕೆ ಎದ್ದು, ರಾತ್ರಿ ಹನ್ನೊಂದರವರೆಗೆ ಬಹು ಆಯ್ಕೆಯ ಪ್ರಶ್ನೆಗಳಿಗೆ ಗೀಟು ಹಾಕಿ, ವಾರಕ್ಕೊಮ್ಮೆ ಗೋಡೆಯ ಮೇಲೆ ಅಂಟಿಸುವ ರ‍್ಯಾಂಕ್ ಪಟ್ಟಿಯಲ್ಲಿ ತಮ್ಮ ಹೆಸರನ್ನು ಹುಡುಕಿ ಬಂದವರು. ಆ ಚಲನಚಿತ್ರದಲ್ಲಿ ಮುಖವೇ ಇಲ್ಲದಂತೆ ಒಂದೇ ಬಗೆಯ ಮುಖವಾಡ ತೊಟ್ಟ ಮಕ್ಕಳು ಸಾಲುಗಟ್ಟಿ ನಡೆದು ಹೋಗಿ ಮಾಂಸ ಅರೆಯುವ ಯಂತ್ರದೊಳಗೆ ಬೀಳುತ್ತಾರೆ. ಆ ಯಂತ್ರದಿಂದ ಈಗಷ್ಟೇ ಹೊರಬಂದವರು, ಸಂಸ್ಥೆಯ ಫ್ಲೆಕ್ಸಿನ ಮೇಲೆ ತಮ್ಮ ಪುಟ್ಟ ಭಾವಚಿತ್ರವನ್ನು ಸಾಲುಸಾಲಾಗಿ ಜೋಡಿಸಿಕೊಂಡವರು, ಆ ಹಾಡನ್ನು ‘ಫೇಮಸ್’ ಎಂಬ ಒಂದೇ ಕಾರಣಕ್ಕೆ ಹಾಡುತ್ತಾರೆ! ತಾವು ಹಾಡುತ್ತಿರುವುದು ತಮ್ಮನ್ನು ಕುರಿತೇ ಎಂಬುದು ಅವರಿಗೆ ಹೊಳೆಯಲಿಲ್ಲ. ಬೆತ್ತವಿಲ್ಲದೆ, ಬೈಗುಳವಿಲ್ಲದೆ, ಹೆತ್ತವರೇ ಸಾಲ ಮಾಡಿ ಶುಲ್ಕ ಕಟ್ಟಿ ನಡೆಸುವ ಮನಸ್ಸಿನ ಹತೋಟಿ ಇದು. ನಮ್ಮ ಕಾಲದ ಮುಂಗೋಪಿ ಮೇಷ್ಟರಿಗಿಂತ ಎಷ್ಟೋ ಪಾಲು ಸಮರ್ಥವಾದದ್ದು.

ಶಾಲೆಯನ್ನೂ ಮೇಷ್ಟರನ್ನೂ ಹಳೆಯ ಕಾಲದ ಸರಕೆಂದು ಗೇಲಿ ಮಾಡುತ್ತಾ, ಮೊಬೈಲಿನಲ್ಲಿಯೇ ಎಲ್ಲವನ್ನೂ ಕಲಿಸುತ್ತೇವೆಂದು ಮಾರಾಟಕ್ಕೆ ನಿಂತವರಿಗೂ ಈ ಹಾಡಿನ ಮೊದಲ ಸಾಲಿನ ಮನೋಭಾವ ಬಹಳ ಅನುಕೂಲಕರ. ಆದರೆ ನೆನಪಿರಲಿ, ಆ 23 ಮಕ್ಕಳ ಕೈಹಿಡಿದು ಸ್ಟುಡಿಯೋಗೆ ನಡೆಸಿಕೊಂಡು ಹೋದದ್ದು ಒಬ್ಬ ಜೀವಂತ ಮೇಷ್ಟರು. 2010ರಿಂದ 2013ರವರೆಗೆ ವಾಟರ್ಸ್ ‘ದ ವಾಲ್’ ಕೃತಿಯನ್ನು ಹಲವು ದೇಶಗಳಲ್ಲಿ ಪ್ರದರ್ಶಿಸಿದಾಗ ಊರೂರಿನಲ್ಲಿಯೂ ಸ್ಥಳೀಯ ಮಕ್ಕಳನ್ನೇ ವೇದಿಕೆಗೆ ಕರೆದು ಈ ಭಾಗವನ್ನು ಮಾಡಿಸುತ್ತಿದ್ದರು. ಮುದ್ರಿತ ದನಿ ಇದ್ದರೂ ಎದುರಿಗೆ ಮಕ್ಕಳು ನಿಲ್ಲಬೇಕೆಂಬ ಅವರ ಹಟ ನನಗೆ ಅರ್ಥವಾಗುತ್ತದೆ. ಎದುರಿಗೆ ಮಗು ನಿಂತಿರದೆ ಪಾಠವೂ ನಡೆಯುವುದಿಲ್ಲ.

ಆದ್ದರಿಂದ ನನ್ನ ವಾದವನ್ನು ಹೀಗೆ ಮುಗಿಸುತ್ತೇನೆ. ಈ ಹಾಡನ್ನು ಶಿಕ್ಷಕರ ದಿನದಂದು ಹಾಡಬಾರದೆನ್ನುವುದು ಸರಿಯಲ್ಲ. ವರ್ಷದಲ್ಲಿ ಒಂದು ದಿನವಾದರೂ ಹಾಡಬೇಕಾದ ಹಾಡಿದ್ದರೆ ಇದೇ, ಆ ದಿನವೂ ಅದೇ. ವರ್ಷವಿಡೀ ‘ಗುರುಬ್ರಹ್ಮ’ ಎನ್ನಿಸಿಕೊಂಡು ಹಾರಕ್ಕೆ ಕೊರಳೊಡ್ಡುವ ನಾವು, ಐದು ನಿಮಿಷ ಎದುರು ಪಕ್ಷದ ಮಾತನ್ನೂ ಕೇಳಬಲ್ಲೆವಾದರೆ ನಮ್ಮ ವೃತ್ತಿಯ ಘನತೆ ಹೆಚ್ಚೀತೇ ಹೊರತು ಕುಂದದು. ಹಾಡುವವರು ಅರ್ಥ ತಿಳಿದು ಹಾಡಲಿ. ಕೇಳುವವರು ಕೊನೆಯವರೆಗೆ ಕುಳಿತು ಕೇಳಲಿ. ಹಾಡಿದ ಮಕ್ಕಳನ್ನು ಮರೆತ ಆ ಹಾಡಿನ ತಪ್ಪನ್ನೂ ಹೇಳೋಣ. ಕವನ ಬರೆದವನನ್ನು ನಗೆಪಾಟಲು ಮಾಡಿದ ನಮ್ಮ ತಪ್ಪನ್ನೂ ಹೇಳೋಣ.

ಗಣಿತದ ಮೇಷ್ಟರಿಗೆ ಈ ಬರಹವನ್ನು ಮುದ್ರಿಸಿ ಕೊಡಲಿದ್ದೇನೆ; ಅವರು ಗಣಕಯಂತ್ರದಲ್ಲಿ ಓದುವವರಲ್ಲ. ಜಗಳವಾಡಿದರೆ ಜಗಳವಾಡಲಿ, ನಲವತ್ತು ವರ್ಷದ ಸ್ನೇಹ ಅದನ್ನು ತಾಳಿಕೊಂಡೀತು. ಮುಂದಿನ ಸೆಪ್ಟೆಂಬರಿಗೆ ಆ ನಾಲ್ವರು ಹುಡುಗರನ್ನು ನಾನೇ ಕರೆದು ಹಾಡಿಸಬೇಕೆಂದಿದ್ದೇನೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಗೊಬ್ಬರದ ಅಂಗಡಿ ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲ. ಹೋಗಿ, 2009ರಲ್ಲಿ ಬಸ್ ನಿಲ್ದಾಣದಲ್ಲಿ ಆಡದೆ ಉಳಿಸಿಕೊಂಡ ಮಾತನ್ನು ಆಡಿ, ಆ ಎತ್ತಿನ ಕವನ ನೆನಪಿದ್ದರೆ ಒಮ್ಮೆ ಓದಿ ಹೇಳಪ್ಪಾ ಎಂದು ಕೇಳಬೇಕು.